ಗಾದಿ ತೆಗೆದ ಜವಳಿ ಅಂಗಡಿ

ಎಂಬತ್ತೆರಡರ ಬೇಸಿಗೆ. ಜಗಳೂರಿನಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದೆ. ಮಗಳ ಮದುವೆಯ ಜವಳಿ ತೆಗೆಯಲು ಬೀಗರನ್ನು ಕರೆತಂದಿದ್ದ, ಅದೇ ದಾರಿಯಲ್ಲಿ ಸಿಗುವ ಬಿಳಿಚೋಡಿನ ಉಚ್ಚಂಗೆಮ್ಮ ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದಳು. ಬೀಗರು ಅಷ್ಟು ದೂರದಲ್ಲಿ ಮುಖ ತಿರುಗಿಸಿಕೊಂಡಿದ್ದರು. ಜವಳಿ ಅಂಗಡಿಯ ಶಿವಮೂರ್ತಪ್ಪ ಏದುಸಿರು ಬಿಡುತ್ತ ಬಂದ.

"ಯಾಕವ್ವಾ, ಒಂದು ಸೀರೇನೂ ನೋಡದೆ ಎದ್ದು ಬಂದ್ರಿ?"

"ಕುಂಡ್ರಿಸಿದ್ರೆ ತಾನೆ ಏಳೋದು?"

"ಹೊಸಾ ಕೌಂಟರ್ ಹಾಕ್ಸೀನಿ. ಗಾಜು, ಸನ್ಮೈಕಾ, ಟ್ಯೂಬ್‌ಲೈಟು. ದಾವಣಗೆರೇಲೂ ಹಿಂಗಿಲ್ಲ."

"ನಮ್ ಬೀಗರು ಚಪ್ಲಿ ಹೊರಗೆ ಬಿಟ್ಟು ನಿಮ್ ಗಾಜಿನ ಮುಂದೆ ನೆಲಕ್ಕೆ ಕುಂತ್ರು. ನಿಮ್ ಗುಮಾಸ್ತ ನಕ್ಕ. ಅವರಿಗೆ ನಾನು ಹೆಂಗೆ ಮುಖ ತೋರಿಸ್ಲಿ?"

"ಅವನಿಗೆ ಬೈದೀನಿ. ನಾಲ್ಕು ಕುರ್ಚಿ ಹಾಕಿಸ್ತೀನಿ."

"ಕುರ್ಚಿ ಮೇಲೆ ಕುಂತ್ರೆ ಸೀರೆ ಎಲ್ಲಿ ಹಾಸ್ತೀರಿ, ಗಿರಾಕಿ ತಲೆ ಮೇಲಾ? ದೊಡ್ಡ ಮಗಳ ಜವಳಿಗೆ ನಿಮ್ಮಪ್ಪ ಎರಡೂ ಕಡೆಯೋರನ್ನ ಎದುರುಬದುರು ಗಾದಿ ಮೇಲೆ ಕುಂಡ್ರಿಸಿ, ಧಾರೆ ಸೀರೇನ ಬೀಗಿತ್ತಿ ಮಡಿಲಿಗೇ ಹಾಕಿದ್ರು. ಆ ಗಾದಿ ಏನಾತು?"

"ಹಳೇದವ್ವಾ... ಹತ್ತಿ ಬಿಚ್ಚಿಸಿ ಮಾರಿದೆ."

"ಕೆತ್ತನೆ ಕಂಬ? ತೂಗುದೀಪ?"

"ಅವೂ ಹೋದ್ವು."

"ಹಂಗಾದ್ರೆ ಅದೆಂಥ ಜವಳಿ ಅಂಗಡಿ? ಔಷಧಿ ಅಂಗಡಿ ಮಾಡೀರಿ. ನಿಂತು ಗುಳಿಗೆ ಇಸ್ಕಂಡು ಹೋಗಾಕೆ."

"ಬೀಗರಿಗೆ ನೀವೇ ಒಂದು ಮಾತು ಹೇಳ್ರವ್ವಾ. ಈಗ್ಲೇ ಜಮಖಾನ ಹಾಸ್ತೀನಿ."

"ಹಾಸ್ರಿ. ನೀವೇ ಕುಂತ್ಕಳ್ರಿ."

ಬಸ್ಸು ಬಂತು. ಉಚ್ಚಂಗೆಮ್ಮ ಬೀಗರನ್ನು ಮುಂದೆ ಹತ್ತಿಸಿ, ಕಂಡಕ್ಟರಿಗೆ ಕೇಳಿಸುವಂತೆ ಹೇಳಿದಳು: "ದಾವಣಗೆರೆ, ಆರು ಜನ."