ದೀಪ ಆರಿಸಿದ ತಮ್ಮ

ಗ್ಯಾರೇಜಿನ ಬೆಂಚಿನ ಮೇಲೆ ಕಾಯುತ್ತಿದ್ದ ಮುದಿ ಟ್ಯಾಕ್ಸಿ ಚಾಲಕನಿಗೆ ಪಕ್ಕದ ಅಕ್ಕ-ತಮ್ಮನ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕನ ಕಾರಿನ ಎಂಜಿನ್ ಸೀಜ್ ಆಗಿ, ತಿರುಗದಂತೆ ಬಿಗಿದುಕೊಂಡಿತ್ತು.

“ಹದಿನೈದು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಾಯಿಸಿದ್ರೆ ಸಾಕಕ್ಕ. ನೀನು ಓಡಿಸಿದ್ದು ಒಂಬತ್ತೇ ಸಾವಿರ.”

“ಇಲ್ಲಾಂದ್ರೆ ವರ್ಷಕ್ಕೊಮ್ಮೆ ಅಂತಲೂ ಕಾರಿನ ಪುಸ್ತಕದಲ್ಲಿದೆಯಂತೆ. ಮೂರು ವರ್ಷ ಆಯ್ತಲ್ಲೋ! ಸರ್ವಿಸ್ ದೀಪ ಹತ್ತಿದಾಗೆಲ್ಲ ನಿನ್ನ ಹತ್ರ ತರಲಿಲ್ವಾ?”

“ದೀಪ ಆರಿಸಿಕೊಡು ಅಂದಿದ್ದು ನೀನು. ಗುಂಡಿ ಒತ್ತಿ ಆರಿಸಿದೆ.”

“ಆಯಿಲ್ ಬದಲಾಯಿಸಿ ಆರಿಸ್ತೀಯ ಅಂದ್ಕೊಂಡಿದ್ದೆ! ಕಳ್ಳ ಬಂದಾಗ ನಾಯಿ ಬಾಯಿ ಕಟ್ಟೋ ಜಾಣ ಕಣೋ ನೀನು. ನಾಳೆ ಅಮ್ಮನ್ನ ಡಯಾಲಿಸಿಸ್‌ಗೆ ಹೇಗೆ ಕರ್ಕೊಂಡು ಹೋಗ್ಲಿ?”

“ನನ್ನ ಕಾರು ಇದೆಯಲ್ಲ.”

“ಅದರ ಆಯಿಲ್ ಯಾವಾಗ ಬದಲಾಯಿಸಿದ್ದೆ?”

ತಮ್ಮ ಜೇಬಿನಿಂದ ತನ್ನ ಕಾರಿನ ಕೀ ತೆಗೆದ.

“ಮೇಸ್ತ್ರಿ, ಇವನ ಕಾರಿನ ಬಾನೆಟ್ಟೂ ಎತ್ತಿ ನೋಡಪ್ಪಾ,” ಎನ್ನುತ್ತ ಅಕ್ಕ ಒಳನಡೆದಳು. ತಮ್ಮ ಕೀ ಹಿಡಿದು ಹಿಂಬಾಲಿಸಿದ.