ಹನ್ನೆರಡು ಜನರ ಪರವಾಗಿ ಓದಿದವನು

ವೇದಿಕೆಯ ನಡುವೆ ಕುಳಿತಿರುವ ಸನ್ಮಾನ್ಯ ಅಧ್ಯಕ್ಷರೇ, ಅವರ ಬಲಕ್ಕಿರುವ ಮುಖ್ಯೋಪಾಧ್ಯಾಯಿನಿಯವರೇ, ಎಡಕ್ಕಿರುವ ತೋಳುಕುರ್ಚಿಯಲ್ಲಿ ಈಗಾಗಲೇ ಕಣ್ಣು ಮುಚ್ಚಿರುವ, ಇಂದಿನ ಸನ್ಮಾನಿತರೂ ನನ್ನ ಗುರುಗಳೂ ಆದ ಕಿವಿ ಮೇಷ್ಟ್ರೇ, ಹಳೆಯ ವಿದ್ಯಾರ್ಥಿಗಳೇ, ಇನ್ನೂ ಹಳಬರಾಗದ ವಿದ್ಯಾರ್ಥಿಗಳೇ, ಅವರನ್ನು ಇಲ್ಲಿ ಬಿಟ್ಟು ಮನೆಯಲ್ಲಿ ನೆಮ್ಮದಿಯಾಗಿರುವ ತಂದೆತಾಯಿಗಳೇ, ಹಾಗೂ ಸಭಿಕರೇ,

ಮೈಕು ನನಗೆ ಹೊಸದಲ್ಲ. ಯಾವ ಗಾಡಿ ಎಷ್ಟು ತಡವಾಗಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ರೈಲು ನಿಲ್ದಾಣದ ಮೈಕಿನಲ್ಲಿ ಮೂವತ್ತೆಂಟು ವರ್ಷ ಹೇಳಿ ನಿವೃತ್ತನಾದವನು ನಾನು. ಆದರೆ ಅಲ್ಲಿ ಕೇಳುವವರು ನನಗೆ ಕಾಣುತ್ತಿರಲಿಲ್ಲ. ಇಲ್ಲಿ ನೀವೆಲ್ಲ ಕಾಣುತ್ತಿದ್ದೀರಿ. ಅದರಲ್ಲೂ ನಾಲ್ಕನೇ ಸಾಲಿನಲ್ಲಿ ನನ್ನ ಹೆಂಡತಿ ಕಾಣುತ್ತಿದ್ದಾಳೆ. ಆದ್ದರಿಂದ ನೀರಿನ ಲೋಟವನ್ನು ಹತ್ತಿರ ಇಟ್ಟುಕೊಂಡಿದ್ದೇನೆ.

ಮೊದಲಿಗೆ ಒಂದು ವಿನಂತಿ. ಬಾಗಿಲ ಬಳಿ ಇರುವ ನೀಲಿ ಟ್ರಂಕು ನನ್ನ ಮೊಮ್ಮಗಳದು. ಆರನೇ ತರಗತಿಯಲ್ಲಿದ್ದಾಳೆ. ಸಭೆ ಮುಗಿದ ಮೇಲೆ ಅವಳನ್ನು ಮನೆಗೆ ಕರೆದುಕೊಂಡು ಹೋಗಬೇಕಾಗಿದೆ. ಅದರ ಮೇಲೆ ಕುಳಿತಿರುವ ಮಹನೀಯರು ದಯವಿಟ್ಟು ಎದ್ದರೆ ಉಪಕಾರವಾಗುತ್ತದೆ. ಒಳಗೆ ಅವಳು ಮಣ್ಣಿನಲ್ಲಿ ಮಾಡಿದ ಜ್ವಾಲಾಮುಖಿ ಇದೆ. ಈಗ ಬಹುಶಃ ಬಯಲಾಗಿದೆ.

ಇರಲಿ. ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು ‘ಈ ಶಾಲೆಯ ನೂರಾ ನಲವತ್ತು ವರ್ಷಗಳ ಇತಿಹಾಸದಲ್ಲೇ ಅತಿ ಹೆಚ್ಚು ಓದಿದ ವಿದ್ಯಾರ್ಥಿ’ ಎಂದು ಅಚ್ಚು ಹಾಕಿದ್ದಾರೆ. ಇದು ಸುಳ್ಳೇ? ಸುಳ್ಳಲ್ಲ. ಇದು ನಿಜವೇ? ಅದನ್ನು ಹೇಳಲು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ.

ಮಲಗುವ ಕೋಣೆಗಳ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿರುವ ಮಾತನ್ನು ನೀವೆಲ್ಲ ನೋಡಿದ್ದೀರಿ: ಓದು ಕೇಳಿಸಬೇಕು. ಸ್ಥಾಪಕರು ಒಂದು ದಿನ ಬೀಜಗಣಿತದ ಪುಸ್ತಕದೊಳಗೆ ಪತ್ತೇದಾರಿ ಕಾದಂಬರಿ ಇಟ್ಟುಕೊಂಡಿದ್ದ ಹುಡುಗನನ್ನು ಹಿಡಿದರಂತೆ. ಅಂದಿನಿಂದ ಮನಸ್ಸಿನಲ್ಲಿ ಓದಿಕೊಳ್ಳುವುದು ಈ ಶಾಲೆಯಲ್ಲಿ ಅಪರಾಧವಾಯಿತು. ಬೆಳಗ್ಗೆ ಐದೂವರೆಗೆ ಗಂಟೆ. ಐದೂಮುಕ್ಕಾಲಿಂದ ಏಳರವರೆಗೆ ಗಟ್ಟಿ ಓದು. ಓದುತ್ತಿದ್ದಾರೋ ಇಲ್ಲವೋ ಎಂದು ನೋಡಲು ಯಾರೂ ಒಳಗೆ ಬರುತ್ತಿರಲಿಲ್ಲ. ನೋಡುವುದೇಕೆ, ಕೇಳಿಸುತ್ತದಲ್ಲ?

ಕೇಳುವ ಕೆಲಸ ನಮ್ಮ ಮೇಷ್ಟ್ರದು. ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ವರಾಂಡದ ತುದಿಯಲ್ಲಿ ಬೆತ್ತದ ಕುರ್ಚಿ, ಕಿಟಕಿಕಟ್ಟೆಯ ಮೇಲೆ ಚಹಾದ ಲೋಟ, ಮುಚ್ಚಿದ ಕಣ್ಣು, ತೆರೆದ ಕಿವಿ. ಪದ ಕೇಳಿಸದಿದ್ದರೂ ರಾಗ ಕೇಳಿ ಅವರು ವಿಷಯ ಹೇಳುತ್ತಿದ್ದರು. ಚರಿತ್ರೆಯ ಓದು ಪ್ರತಿ ರಾಜ ಸತ್ತಾಗ ತಗ್ಗುತ್ತದೆ. ಗಣಿತದ ಓದು ಎಲ್ಲೂ ನಿಲ್ಲುವುದಿಲ್ಲ, ಏಕೆಂದರೆ ನಿಂತರೆ ಅರ್ಥವಾಗಿಲ್ಲವೆಂದು ಗೊತ್ತಾಗುತ್ತದೆ. ಆರು ಕೋಣೆಗಳ ಗದ್ದಲದ ನಡುವೆ ಕುಳಿತಲ್ಲಿಂದಲೇ ಅವರು ಮೂರನೇ ಕೋಣೆಗೆ ಗಣಿತ ಸಾಕು, ಭೂಗೋಳ ಎತ್ತಿಕೊಳ್ಳಿ ಎನ್ನುತ್ತಿದ್ದರು. ನಮಗೆ ಮೈ ಜುಮ್ಮೆನ್ನುತ್ತಿತ್ತು.

ಆ ಮೂರನೇ ಕೋಣೆ, ಈಗ ನನ್ನ ಮೊಮ್ಮಗಳು ಇರುವ ಕೋಣೆ, ಆಗ ನಮ್ಮದು. ಹನ್ನೆರಡು ಮಂಚ, ಹನ್ನೆರಡು ಹುಡುಗರು, ಎಂಟನೇ ತರಗತಿ. ನಮ್ಮಲ್ಲೊಬ್ಬ ಲಾಯರ್ ಇದ್ದ. ಆಗ ಅದು ಅಡ್ಡಹೆಸರು, ಆಮೇಲೆ ಅವನು ನಿಜವಾಗಿಯೂ ಅದೇ ಆದ. ಮಳೆಗಾಲದ ಒಂದು ಮುಂಜಾನೆ ಕಂಬಳಿಯೊಳಗಿಂದ ತಲೆ ಹೊರಗೆ ಹಾಕಿ ಅವನು ವಾದ ಮಂಡಿಸಿದ. ನಿಯಮ ಇರುವುದು ಓದಿನ ಸದ್ದು ಬರಬೇಕು ಎಂದು. ಹನ್ನೆರಡು ಜನರ ಸದ್ದನ್ನು ಒಬ್ಬನೇ ಮಾಡಬಲ್ಲನಾದರೆ ಉಳಿದ ಹನ್ನೊಂದು ಜನ ಎದ್ದು ಕೂರಬೇಕೆಂದು ಯಾವ ಕಲ್ಲಿನಲ್ಲಿ ಕೆತ್ತಿದೆ? ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು. ಯಾಕೆಂದರೆ ನನ್ನ ಗಂಟಲು ಆಗಲೇ ಹೀಗಿತ್ತು. ನಾನು ಗುಟ್ಟು ಹೇಳಿದರೆ ಅಡುಗೆಮನೆಯಲ್ಲಿ ಉತ್ತರ ಕೊಡುತ್ತಿದ್ದರು.

ಒಪ್ಪಂದವಾಯಿತು. ಬೆಳಗಿನ ತಿಂಡಿಗೆ ಬ್ರೆಡ್ಡಿನ ಜೊತೆ ತಲೆಗೊಂದು ಚಮಚ ಜಾಮ್ ಕೊಡುತ್ತಿದ್ದರು. ಹನ್ನೊಂದು ಜನರ ಜಾಮ್ ನನಗೆ. ಆ ವರ್ಷ ನನ್ನ ಚಡ್ಡಿಯನ್ನು ದರ್ಜಿ ಎರಡು ಸಲ ಬಿಚ್ಚಿ ಹೊಲಿದ.

ಸಭಿಕರೇ, ಇದು ಸುಲಭದ ಕೆಲಸ ಎಂದುಕೊಂಡಿರಾ? ಒಂದು ಸಾಲು ಮೂಗಿನಲ್ಲಿ, ಅದು ಮೂಗಿನಲ್ಲಿ ಮಾತಾಡುವವನದು. ಮುಂದಿನ ಸಾಲು ಅರ್ಧ ನುಂಗಿ, ಅದು ಅವಸರದವನದು. ಒಬ್ಬನಿಗೆ ಉಬ್ಬಸ. ಅವನ ಪರವಾಗಿ ಹತ್ತು ಸಾಲಿಗೊಮ್ಮೆ ಕೆಮ್ಮಬೇಕು. ಲಾಯರ್ ಓದುವಾಗ ನಡುನಡುವೆ ‘ಅದೇ ತಾನೇ’ ಎನ್ನುತ್ತಿದ್ದ, ಅದನ್ನೂ ಸೇರಿಸಬೇಕು. ಎತ್ತರದ ಛಾವಣಿ, ಒಂದು ದನಿ ಮುಗಿಯುವುದರೊಳಗೆ ಅದರ ಪ್ರತಿಧ್ವನಿಯ ಮೇಲೆ ಇನ್ನೊಂದನ್ನು ಹತ್ತಿಸಬೇಕು. ನಾನು ಗೋಡೆಗೆ ಒರಗಿ ಸಮಸ್ತ ಪಠ್ಯವನ್ನು ಓದಿದೆ. ಓದಿದೆ, ಓದಿದೆ, ಓದುತ್ತಲೇ ಇದ್ದೆ. ಹನ್ನೊಂದು ಜನ ಮಲಗಿದರು. ಅತಿ ಹೆಚ್ಚು ಓದಿದ ವಿದ್ಯಾರ್ಥಿ ಎಂದು ಅಚ್ಚು ಹಾಕಿದವರು ತಪ್ಪು ಮಾಡಿಲ್ಲ.

ವರ್ಷದ ಕೊನೆಗೆ ಪರೀಕ್ಷೆ ಬಂತು. ನಿದ್ದೆಯಲ್ಲೇ ಕೇಳಿಸಿಕೊಂಡಿದ್ದ ಹನ್ನೊಂದು ಜನರೂ ಪಾಸು. ಲಾಯರಿಗೆ ಚರಿತ್ರೆಯಲ್ಲಿ ಎಂಬತ್ತೆರಡು. ನನಗೆ ಮಾತ್ರ ಒಂದು ಸಾಲಿನ ಅರ್ಥವೂ ಗೊತ್ತಿರಲಿಲ್ಲ, ಐದು ವಿಷಯದಲ್ಲಿ ಫೇಲಾದೆ.

ಅಂದರೆ, ಫೇಲು ಎಂದರೆ ಆ ಕಾಲದಲ್ಲಿ...

ನನ್ನ ಹೆಂಡತಿ ಕನ್ನಡಕ ತೆಗೆದು ಒರೆಸುತ್ತಿದ್ದಾಳೆ. ಇದು ಒಳ್ಳೆಯ ಲಕ್ಷಣವಲ್ಲ. ಸಭಿಕರೇ, ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ನನ್ನ ಕೈಯಲ್ಲಿರುವ ಹಾಳೆಯಲ್ಲಿ ಇಲ್ಲಿ ‘ಶಿಸ್ತಿನ ಮಹತ್ವ’ ಎಂದಿದೆ. ಆದರೆ ಹಳಿ ತಪ್ಪಿದ ಮೇಲೆ ಗಾಡಿ ಸಮಯಕ್ಕೆ ಸರಿಯಾಗಿದೆ ಎಂದು ಹೇಗೆ ಹೇಳಲಿ? ಮದುವೆಯ ಮಾತುಕತೆಯ ದಿನ ನಮ್ಮ ಅಮ್ಮ ನಾನು ದೊಡ್ಡ ಶಾಲೆಯಲ್ಲಿ ಓದಿದವನು, ಯಾವಾಗಲೂ ಫಸ್ಟು ಎಂದುಬಿಟ್ಟಳು. ನಾನು ಅಲ್ಲ ಎನ್ನಲಿಲ್ಲ. ಒಂದು ದಿನ ಅಲ್ಲ ಎನ್ನದಿದ್ದರೆ ಆಮೇಲೆ ನಲವತ್ತು ವರ್ಷ ಹೌದು ಎನ್ನಬೇಕಾಗುತ್ತದೆ. ನಮ್ಮ ಷೋಕೇಸಿನಲ್ಲಿ ಒಂದು ಕಪ್ ಇದೆ. ಬಂದವರಿಗೆಲ್ಲ ಅದನ್ನು ತೋರಿಸುತ್ತೇವೆ. ಅದು ಗೋಣಿಚೀಲದ ಓಟದ್ದು. ಎರಡನೇ ಬಹುಮಾನ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಸಮಯವಾಯಿತು ಎಂದು. ಗಾಡಿ ತಡವಾಗಿ ಚಲಿಸುತ್ತಿದೆ, ಪ್ರಯಾಣಿಕರಿಗೆ ಆಗುವ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ.

ಇದನ್ನು ಈಗಲೇ ಹೇಳಬೇಕು, ಯಾಕೆಂದರೆ ಆ ಟ್ರಂಕು ಅಲ್ಲಿರುವುದು ನನ್ನಿಂದ. ಹೋದ ವಾರ ಮೊಮ್ಮಗಳು ಫೋನು ಮಾಡಿದಳು. ‘ಅಜ್ಜಾ, ನೀವು ಫಸ್ಟ್ ಬಂದ ಶಾಲೇಲಿ ನಾನು ಮೂರು ಸಬ್ಜೆಕ್ಟಲ್ಲಿ ಫೇಲಾಗಿದೀನಿ. ನಂಗೆ ಇಲ್ಲಿರೋಕೆ ನಾಚ್ಕೆ ಆಗತ್ತೆ. ಕರ್ಕೊಂಡು ಹೋಗಿ’ ಎಂದಳು. ಆಗಲೂ ನಾನು ನಿಜ ಹೇಳಲಿಲ್ಲ. ಆಗಲಿ ಕಂದಾ ಎಂದೆ. ಅವಳ ಅಂಕಗಳನ್ನು ಹೀಗೆ ಸಭೆಯಲ್ಲಿ ಹೇಳಬಾರದಿತ್ತು. ಅಜ್ಜಿಯ ಪಕ್ಕದಲ್ಲಿ ಕುಳಿತು ಮುಂದಿನ ಕುರ್ಚಿಯ ಹಿಂದೆ ಮುಖ ಮುಚ್ಚಿಕೊಂಡಿದ್ದಾಳೆ. ತಪ್ಪಾಯಿತು ಕಂದಾ. ಮೂರು ಎಂದು ಹೇಳಿಬಿಟ್ಟೆ, ಆದರೆ ನನ್ನದು ಐದು ಎಂಬುದನ್ನು ಎಲ್ಲರೂ ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇನ್ನು ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಅವರ ಸನ್ಮಾನಕ್ಕೆ ಬಂದು ನನ್ನ ಮಾನದ ವಿಷಯವೇ ಮಾತಾಡುತ್ತಿದ್ದೇನೆ. ಅವರು ನಿದ್ದೆ ಮಾಡುತ್ತಿದ್ದಾರೆ, ಅಡ್ಡಿಯಿಲ್ಲ. ನನ್ನ ದನಿಗೆ ಇನ್ನೂ ಆ ಗುಣ ಇದೆ ಎಂದಾಯಿತು.

ಫೇಲಾದವನು ಅದೇ ತರಗತಿಯಲ್ಲಿ, ಅದೇ ಕೋಣೆಯಲ್ಲಿ ಉಳಿದೆ. ಹೊಸ ಹನ್ನೊಂದು ಜನ ಬಂದರು. ಒಪ್ಪಂದದ ಸುದ್ದಿ ಅವರಿಗೆ ಮೊದಲೇ ತಲುಪಿತ್ತು, ಜಾಮ್ ಚಮಚದಲ್ಲಿ ಹಿಡಿದುಕೊಂಡೇ ಬಂದರು. ಅವರ ದನಿಗಳನ್ನೂ ಕಲಿತೆ. ಅಲ್ಲೂ ಮೂಗಿನಲ್ಲಿ ಮಾತಾಡುವವನೊಬ್ಬ, ಅವಸರದವನೊಬ್ಬ, ಕೆಮ್ಮುವವನೊಬ್ಬ ಇದ್ದರು. ಹೀಗಿರುವಾಗ ಒಂದು ಬೆಳಗ್ಗೆ ಎದ್ದು ಬಾಯಿ ತೆರೆದರೆ ಗಂಟಲಿನಿಂದ ಗಾಳಿ ಮಾತ್ರ ಬಂತು. ದನಿ ಪೂರ್ತಿ ಕಟ್ಟಿಹೋಗಿತ್ತು. ಐದೂಮುಕ್ಕಾಲಾಯಿತು. ಐದು ಕೋಣೆಗಳು ಓದುತ್ತಿವೆ, ಮೂರನೆಯದು ಮೌನ. ಅವತ್ತೇ ಶಾಲೆಯ ತನಿಖೆಗೆ ಬಂದಿದ್ದ ದೊಡ್ಡ ಅಧಿಕಾರಿ ಮುಖ್ಯೋಪಾಧ್ಯಾಯರ ಜೊತೆ ಮೆಟ್ಟಿಲು ಹತ್ತುತ್ತಿದ್ದ ಬೂಟಿನ ಸದ್ದು ಬೇರೆ.

ಬಾಗಿಲು ತೆರೆಯಿತು. ಮೇಷ್ಟ್ರು ಒಳಗೆ ಬಂದರು. ಸಾಲು ಕಂಬಳಿಗಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಗಂಟಲು ತೋರಿಸಿದೆ. ಅವರು ಬಾಗಿಲು ಹಾಕಿ, ನನ್ನ ಮಂಚದ ಮೇಲೆ ಕುಳಿತು, ಕೈಯಿಂದ ಭೂಗೋಳದ ಪುಸ್ತಕ ಕಿತ್ತುಕೊಂಡು ಓದಲು ಶುರುಮಾಡಿದರು. ಒಂದು ಸಾಲು ಮೂಗಿನಲ್ಲಿ. ಒಂದು ಸಾಲು ನುಂಗಿ. ಒಂದೊಂದೇ ದನಿ, ಸಭಿಕರೇ, ನಾನು ಮಾಡುತ್ತಿದ್ದ ಅವೇ ದನಿಗಳು, ನನಗಿಂತ ಚೆನ್ನಾಗಿ. ಹೊರಗೆ ಬೂಟುಗಳು ನಿಂತವು. ಅಧಿಕಾರಿ ಈ ಕೋಣೆಯವರು ಎಷ್ಟು ಶ್ರದ್ಧೆಯಿಂದ ಓದುತ್ತಾರೆ ಎಂದರು. ಬೂಟುಗಳು ಹೋದವು.

ಮೇಷ್ಟ್ರು ಪುಸ್ತಕ ಮುಚ್ಚಿದರು. ‘ಹತ್ತು ಸಾಲಿಗೊಂದು ಕೆಮ್ಮು ಹಾಕ್ತಿದ್ಯಲ್ಲ, ನಾನು ಹಾಕ್ಲಿಲ್ಲ ಗಮನಿಸಿದ್ಯಾ?’ ಎಂದು ಕೇಳಿದರು. ಹೌದು ಎಂದು ತಲೆಯಾಡಿಸಿದೆ. ‘ಕೆಮ್ಮೋ ಹುಡುಗ ರಜ ಹಾಕಿ ಊರಿಗೆ ಹೋಗಿ ನಾಲ್ಕು ದಿನ ಆಯ್ತು. ಗೇಟಲ್ಲಿ ರುಜು ಹಾಕ್ಸಿ ಕಳಿಸ್ದೋನು ನಾನೇ. ನಾಲ್ಕು ದಿನದಿಂದ ಅವನು ಇಲ್ಲೇ ಕೆಮ್ತಾ ಇದಾನೆ.’

ಅವರು ಹೊಡೆಯಲಿಲ್ಲ, ಬೈಯಲಿಲ್ಲ. ಗಂಟಲು ಸರಿಹೋದ ಮೇಲೆ ದಿನಾ ಸಂಜೆ ಆ ಬೆತ್ತದ ಕುರ್ಚಿಯ ಪಕ್ಕ ನೆಲದ ಮೇಲೆ ಕೂರಿಸಿಕೊಂಡರು. ಒಂದು ಪುಟ ತುಟಿ ಅಲ್ಲಾಡಿಸದೆ ಓದು, ಪುಸ್ತಕ ಮುಚ್ಚು, ಏನು ಓದಿದೆ ಹೇಳು. ಇದೇ ಶಾಲೆಯಲ್ಲಿ, ಆ ಕಲ್ಲಿನ ಕೆಳಗೇ, ನನಗೆ ಮನಸ್ಸಿನಲ್ಲಿ ಓದುವುದನ್ನು ಕದ್ದು ಕಲಿಸಿದರು. ಮೊದಲ ದಿನ ಹೇಳಲು ಹೋದರೆ ಬಾಯಿಂದ ಆ ಮೂಗಿನಲ್ಲಿ ಮಾತಾಡುವವನ ದನಿ ಬಂತು. ಅವರು ಹೇಳಿದ್ದು ಒಂದೇ ಮಾತು: ‘ಇದು ಅವನ್ದು. ನಿಂದು ಯಾವುದು?’

ನನ್ನದು ಯಾವುದು ಎಂದು ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು. ಆ ವರ್ಷ ಪಾಸಾದೆ. ಗಣಿತದಲ್ಲಿ ಮೂವತ್ತೇಳು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಕನ್ನಡಕ ಮತ್ತೆ ಹೊರಗೆ ಬಂತು, ಈ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಕೆಲಸ ಸಿಕ್ಕ ಮೇಲೆ ಒಮ್ಮೆ ಬಂದು ಅವರನ್ನು ಕೇಳಿದೆ, ಮೊದಲಿನಿಂದ ಗೊತ್ತಿದ್ದರೂ ಒಂದೂವರೆ ವರ್ಷ ಯಾಕೆ ಸುಮ್ಮನಿದ್ದಿರಿ ಎಂದು. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು: ‘ನೀನು ಓದೋಕೆ ಶುರು ಮಾಡಿದ್ರೆ ನಂಗೂ ನಿದ್ದೆ ಬಂದ್ಬಿಡ್ತಿತ್ತು ಕಣೋ. ನೀನು ಫೇಲಾದ್ಮೇಲೆ ನಂಗೆ ನಿದ್ದೆ ಬರ್ಲಿಲ್ಲ.’

ಇದಕ್ಕಿಂತ ಹೆಚ್ಚು ಹೊಗಳಿಕೆ ನನಗೆ ಬರುವುದಿಲ್ಲ. ಎರಡನೇ ಚೀಟಿ ಬಂದಿದೆ, ಮೊದಲನೆಯದಕ್ಕಿಂತ ದೊಡ್ಡ ಅಕ್ಷರದಲ್ಲಿದೆ. ಮುಗಿಸುತ್ತೇನೆ.

ಮಗೂ, ನಿನ್ನ ಅಜ್ಜ ಫಸ್ಟ್ ಬಂದವನಲ್ಲ. ಎಂಟನೇ ತರಗತಿಯನ್ನು ಎರಡು ಸಲ ಓದಿದವನು, ಮೊದಲ ಸಲ ಬೇರೆಯವರಿಗಾಗಿ. ನೀನು ಮೂರರಲ್ಲಿ ಫೇಲಾಗಿರುವುದು ನಿನ್ನದೇ ದನಿಯಲ್ಲಿ. ಆ ಲೆಕ್ಕದಲ್ಲಿ ನೀನು ನನಗಿಂತ ಒಂದು ವರ್ಷ ಮುಂದಿದ್ದೀಯ. ಮನೆಗೆ ಬರಬೇಕೆನಿಸಿದರೆ ಬಾ, ನಮಗೂ ನೀನಿಲ್ಲದೆ ಮನೆ ಬಣಬಣ ಎನ್ನುತ್ತಿದೆ. ಆದರೆ ನನಗೆ ನಾಚಿಕೊಂಡು ಬರಬೇಡ. ನಾಚಿಕೊಳ್ಳಬೇಕಾದವನು ಮೈಕಿನ ಮುಂದೆ ನಿಂತಿದ್ದಾನೆ.

ಮೇಷ್ಟ್ರು ಕೆಮ್ಮಿದರು. ಕೇಳಿಸಿತೇ? ಕಣ್ಣು ಮುಚ್ಚಿಯೇ ಕೆಮ್ಮಿದರು. ಅದು ಉಬ್ಬಸದ ಕೆಮ್ಮಲ್ಲ, ನನಗೆ ಗೊತ್ತು. ಅಂದರೆ ಅವರು ಇಷ್ಟು ಹೊತ್ತೂ ಎಚ್ಚರವಾಗಿಯೇ ಇದ್ದರು.

ನಾಲ್ಕನೇ ಸಾಲಿನಲ್ಲಿ ನನ್ನ ಹೆಂಡತಿಯ ಪಕ್ಕದ ಕುರ್ಚಿ ಖಾಲಿಯಾಗಿದೆ. ಬಾಗಿಲ ಬಳಿಯವರು ಟ್ರಂಕು ಇಲ್ಲ ಎಂದು ಕೈಯಲ್ಲಾಡಿಸುತ್ತಿದ್ದಾರೆ. ಒಂದು ನಿಮಿಷ ತಡೆಯಿರಿ, ಈ ಕಿಟಕಿಯಿಂದ ಅಂಗಳ ಕಾಣುತ್ತದೆ. ಎರಡೂ ಕೈಯಲ್ಲಿ ಎಳೆದುಕೊಂಡು ಹೋಗುತ್ತಿದ್ದಾಳೆ. ಗೇಟಿನ ಕಡೆಗಲ್ಲ.

ಪ್ರಯಾಣಿಕರ ಗಮನಕ್ಕೆ. ನೀಲಿ ಟ್ರಂಕು ಮೂರನೇ ಕೋಣೆಯ ಕಡೆಗೆ ಹೊರಟಿದೆ. ಅಂಗಳದಲ್ಲಿರುವವರು ದಯವಿಟ್ಟು ದಾರಿ ಬಿಡಿ. ಯಾರೂ ಎತ್ತಿಕೊಡಲು ಹೋಗಬೇಡಿ, ಅವಳೇ ಎಳೆಯಲಿ.

ಇಷ್ಟು ಹೊತ್ತು ಕೇಳಿದ, ಅಥವಾ ಕಣ್ಣು ಮುಚ್ಚಿ ಕೇಳಿದಂತೆ ಕುಳಿತ ನಿಮಗೆಲ್ಲ ನನ್ನ ಕೃತಜ್ಞತೆಗಳು. ಮೇಷ್ಟ್ರೇ, ಇದು ನನ್ನದೇ ದನಿ. ನಮಸ್ಕಾರ.