ಅಳತೆ ಚೀಟಿಯೇ ಕತ್ತರಿಯಾದರೆ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಕೆನ್ನೆ ಊದಿಸಿಕೊಂಡು ಕುಳಿತಿದ್ದ ಬಸ್ ಕಂಡಕ್ಟರಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಕಿವಿಗಳು ಮಾತ್ರ ಚುರುಕಾಗಿದ್ದವು. ಪಕ್ಕದಲ್ಲಿ ಬಟ್ಟೆ ಹೊಲಿಯುವ ಹೆಂಗಸು, ಅವಳಾಚೆ ಲ್ಯಾಬಿನಲ್ಲಿ ಕೆಲಸ ಮಾಡುವ ಅವಳ ಅತ್ತಿಗೆ. ಅತ್ತಿಗೆಯ ಮಡಿಲಲ್ಲಿ ಐಸ್ ಡಬ್ಬಿ.

“ಅತ್ತಿಗೆ, ಆರ್‌ಎನ್‌ಎ ಅಂದ್ರೆ ಜೀವಕೋಶದ ಅಳತೆ ಚೀಟಿ ಅಂದಿದ್ರಲ್ವಾ?”

“ಹೂಂ. ಆದ್ರೆ ಈ ಜಾತಿದು ತಾನೇ ಮಡಚಿಕೊಂಡು ಕತ್ತರಿನೂ ಆಗುತ್ತೆ. ಕಾಯಿಲೆ ತರೋ ಚೀಟಿ ಸಿಕ್ಕಿದ್ರೆ ಕಚಕ್ ಅಂತ ಕತ್ತರಿಸಲಿ ಅಂತ ನಮ್ಮಾಸೆ.”

“ಮೊಂಡಾಗಲ್ವಾ?”

“ಇಲ್ಲ. ಒಂದು ಮುಗಿಸಿ ಇನ್ನೊಂದಕ್ಕೆ ಹೋಗುತ್ತೆ.”

“ನನ್ನಂಗಡಿಗೂ ಒಂದು ಕೊಡಿ.”

“ಎಲ್ಲಿಂದ ಕೊಡ್ಲಿ? ಲ್ಯಾಬಿಗೆ ಊಟದ ಡಬ್ಬಿ ಕೊಡೋಕೆ ಬಂದ ನಿಮ್ಮಣ್ಣ, ಇದನ್ನಿಟ್ಟಿದ್ದ ಬಾಟಲಿ ತಳದಲ್ಲಿ ನೀರು ನಿಂತಿದೆ ಅಂತ ಬೆರಳು ತೂರಿಸಿ ಒರೆಸಿಟ್ರು.”

“ಅಷ್ಟೂ ಹೋಯ್ತಾ?”

“ಒರೆಸದೆ ಬರೀ ಮುಟ್ಟಿದ್ರೂ ಹೋಗ್ತಿತ್ತು. ನಮ್ಮ ಬೆರಳಲ್ಲಿರೋ ಕಿಣ್ವ ತಾಗಿದ್ರೆ ಸಾಕು, ಆರ್‌ಎನ್‌ಎ ಚೂರುಚೂರು. ಉಳಿದಿರೋದು ಈ ಡಬ್ಬಿಲಿರೋದೊಂದೇ. ಇಲ್ಲಿಂದ ನೇರ ದೊಡ್ಡ ಲ್ಯಾಬಿಗೆ ಒಯ್ಬೇಕು.”

“ಅಣ್ಣನಿಗೆ ಹೇಳಿದ್ರಾ?”

“ಹಲ್ಲು ಕೀಳಿಸ್ಕೊಳ್ಳೋ ದಿನ ಹೇಗೆ ಹೇಳ್ಲಿ? ಎಷ್ಟು ನೀಟಾಗಿ ಒರೆಸಿದೀನಿ ನೋಡು ಅಂತ ಬೀಗ್ತಿದಾರೆ.”

ಒಳಬಾಗಿಲು ತೆರೆಯಿತು. ಹತ್ತಿ ಕಚ್ಚಿಕೊಂಡು ಹೊರಬಂದ ಅಣ್ಣ, ಐಸ್ ಡಬ್ಬಿಯ ಮೇಲೆ ನೀರಹನಿ ಕಂಡವನೇ ಜೇಬಿನಿಂದ ಕರವಸ್ತ್ರ ತೆಗೆದ.

ಹೆಂಡತಿ ಡಬ್ಬಿಯನ್ನು ಎದೆಗೆ ಅವಚಿಕೊಂಡಳು. ತಂಗಿ ಅಣ್ಣನ ಎರಡೂ ಕೈ ಹಿಡಿದು ಬೀದಿಗೆ ನಡೆಸಿಕೊಂಡು ಹೋದಳು.

ಕಂಡಕ್ಟರ್ ಕೆನ್ನೆಯ ಮೇಲಿಟ್ಟಿದ್ದ ತನ್ನ ಕೈಯನ್ನು ಮೆಲ್ಲಗೆ ತೆಗೆದು ತೊಡೆಯಡಿಗೆ ಸೇರಿಸಿಕೊಂಡ.